ಗ್ಲೈಡರಿನ ಮುಚ್ಚಳ ಮಾಡಿದವರು ಯಾರು?

"ಮುಟ್ಬೇಡಿ! ಈಗಷ್ಟೇ ಅಂಟಿಸಿರೋದು!"

ರಾದ್ಮಿಲಾಳ ಬೆರಳು ಗಾಳಿಯಲ್ಲೇ ನಿಂತಿತು.

ಮಾದರಿ ವಿಮಾನ ಸಂಘದ ಶೆಡ್ಡಿನಲ್ಲಿ, ಉದ್ದನೆಯ ಮೇಜಿನ ಮೇಲೆ ಓತಕರ್‌ನ ಗ್ಲೈಡರ್ ಇತ್ತು. ಎರಡು ಮೀಟರ್ ರೆಕ್ಕೆ, ಕೆನೆ ಬಣ್ಣ. ಅದರ ಪಕ್ಕದಲ್ಲಿ ಮೆತ್ತನೆಯ ಬಟ್ಟೆ ಹಿಡಿದು ನಿಂತಿದ್ದ ಹೆಂಗಸನ್ನು ರಾದ್ಮಿಲಾ ಹಿಂದೆಂದೂ ನೋಡಿರಲಿಲ್ಲ. ಗಿಡ್ಡ ಕೂದಲು, ನಗುಮುಖ... ಚೆಲುವೆ ಬೇರೆ!

"ನಾನು ಬ್ಲಾಂಕಾ. ಚೌಕದಲ್ಲಿ ಬೂಟು ರಿಪೇರಿ ಅಂಗಡಿ ಇದೆಯಲ್ಲ, ಅದು ನಂದೇ."

ರಾದ್ಮಿಲಾ ಆ ಮಾತನ್ನು ಅರ್ಧ ಕಿವಿಯಲ್ಲಷ್ಟೇ ಕೇಳಿದಳು. ಅವಳ ಕಣ್ಣು ಗ್ಲೈಡರಿನ ಮೂತಿಯ ಮೇಲೆ ನೆಟ್ಟಿತ್ತು. ಚಾಲಕನ ಜಾಗದ ಮೇಲೆ ಪಾರದರ್ಶಕ ಮುಚ್ಚಳ ಆಗಲೇ ಕೂತಿತ್ತು!

ಎಂಟು ವಸಂತಗಳಿಂದ ಆ ಮುಚ್ಚಳ ಮಾಡುತ್ತಿದ್ದವಳು ಅವಳು.

ಪ್ರತಿ ಏಪ್ರಿಲ್‌ನಲ್ಲೂ ಓತಕರ್ ಮರದಲ್ಲಿ ಕೆತ್ತಿದ ಅಚ್ಚು ಹಿಡಿದು ಅವಳ ಅಡುಗೆಮನೆಗೆ ಬರುತ್ತಿದ್ದ. ಚೌಕಟ್ಟಿಗೆ ಬಿಗಿದ ಪ್ಲಾಸ್ಟಿಕ್ ಹಾಳೆಯನ್ನು ಅವಳು ಓವನ್ನಿನಲ್ಲಿ ಕಾಯಿಸುತ್ತಿದ್ದಳು. ಹಾಳೆ ಮೆತ್ತಗಾಗಿ ಜೋಲುಬಿದ್ದ ಕ್ಷಣ ಅದನ್ನು ಅಚ್ಚಿನ ಮೇಲೆ ಒತ್ತಬೇಕು, ಅದೇ ಕ್ಷಣ ಅವನು ಕೆಳಗಿನಿಂದ ಗಾಳಿ ಎಳೆಯಲು ವ್ಯಾಕ್ಯೂಮ್ ಕ್ಲೀನರಿನ ಗುಂಡಿ ಒತ್ತಬೇಕು. ಒಬ್ಬರಿಂದ ಆಗದ ಕೆಲಸ ಅದು. ಒಂದು ಸೆಕೆಂಡ್ ತಡವಾದರೂ ಹಾಳೆ ಸುಕ್ಕು.

ವರ್ಷದಲ್ಲಿ ಆ ಒಂದು ಸೆಕೆಂಡ್ ಅವರ ಉಸಿರು ಒಟ್ಟಿಗೆ ನಿಲ್ಲುತ್ತಿತ್ತು. ಅಷ್ಟಕ್ಕಾಗಿ ಅವಳು ಇಡೀ ಚಳಿಗಾಲ ಕಾಯುತ್ತಿದ್ದಳು.

ಈ ಏಪ್ರಿಲ್‌ನಲ್ಲಿ ಅವನು ಬರಲಿಲ್ಲ, ಮೇ ತಿಂಗಳಲ್ಲೂ ಬರಲಿಲ್ಲ. ನಾಳೆ ಸ್ಪರ್ಧೆ.

'ಹಾಗಾದ್ರೆ ಈ ಸಲ ಅವನ ಪಕ್ಕದಲ್ಲಿ ನಿಂತಿದ್ದವಳು ಇವಳಾ...?'

ಮೂಲೆಯಲ್ಲಿ ಸಾಸೇಜು ಬಿಸಿ ಮಾಡುತ್ತಿದ್ದ ಮುದುಕ ಪ್ರೊಕೋಪ್ ಸುಮ್ಮನಿರಬೇಕಲ್ಲ! "ಏನ್ ಮಗಳೇ, ಈ ವರ್ಷ ನಿನ್ನ ಓವನ್ನಿಗೆ ರಜಾನಾ?"

"ಹೌದು ತಾತ. ಓವನ್ ಇರೋದು ಕೇಕ್ ಮಾಡೋಕೆ."

ಅಷ್ಟರಲ್ಲಿ ಓತಕರ್ ಒಳಗೆ ಬಂದ. ಅವಳನ್ನು ಕಂಡದ್ದೇ ಅವನ ಕಿವಿ ಕೆಂಪಾಯಿತು.

"ರಾದ್ಮಿಲಾ! ನೀನು... ಬಂದ್ಯಾ?"

"ಯಾಕೆ, ಬರಬಾರದಿತ್ತಾ? ಮುಚ್ಚಳ ಚೆನ್ನಾಗಿದೆ. ಯಾರು ಮಾಡಿದ್ದು?"

"ನಾನೇ. ಬ್ಲಾಂಕಾ ಹೇಳಿಕೊಟ್ರು."

'ಬ್ಲಾಂಕಾ ಅಂತೆ!' ಈ ಚೆಂದಕ್ಕೆ ತಾನು ಕೋಲಾಚ್ ಬನ್ನು ಬೇರೆ ಬೇಯಿಸಿ ತಂದೆನಲ್ಲ, ಅವನಿಗಿಷ್ಟವಾದ ಗಸಗಸೆ ಹೂರಣ ಹಾಕಿ! ರಾದ್ಮಿಲಾ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ ಹೊರಡಲು ತಿರುಗಿದಳು.

ಆಗ ಕಣ್ಣಿಗೆ ಬಿತ್ತು.

ಮುಚ್ಚಳದ ಒಳಗೆ, ಅಂಚಿನಿಂದ ಮೇಲಕ್ಕೆ, ಬೆಳ್ಳನೆಯ ಮಂಜು ಹಬ್ಬುತ್ತಿತ್ತು.

"ಯಾವ ಅಂಟು ಹಾಕಿದೆ?" ಅವಳ ಧ್ವನಿ ಏರಿತು.

"ಬೂಟಿನ ಅಟ್ಟೆಗೆ ಹಾಕೋದು," ಎಂದಳು ಬ್ಲಾಂಕಾ. "ಹತ್ತು ಸೆಕೆಂಡಲ್ಲಿ ಕಚ್ಚಿಕೊಳ್ಳತ್ತೆ!"

"ಅಯ್ಯೋ! ಅದರ ಹೊಗೆ ಒಳಗೇ ಕೂತು ಪ್ಲಾಸ್ಟಿಕ್ ಬೆಳ್ಳಗಾಗತ್ತೆ. ಬಿಳಿ ಅಂಟು ಹಾಕಿ ಒಂದು ರಾತ್ರಿ ಕಾಯ್ಬೇಕು. ಓತಕರ್, ಎಂಟು ವರ್ಷ ನನ್ನ ಪಕ್ಕದಲ್ಲಿ ಏನು ನೋಡ್ತಿದ್ದೆ ನೀನು?"

ಓತಕರ್ ಅವಳ ಮುಖವನ್ನೇ ನೋಡಿದ. ಕಿವಿ ಇನ್ನಷ್ಟು ಕೆಂಪಾಯಿತು.

ಒಂದು ಗಳಿಗೆ ರಾದ್ಮಿಲಾಳಿಗೆ ಖುಷಿಯಾಯಿತು. ಹಾಳಾಗಲಿ! ಆ ಬ್ಲಾಂಕಾಳ ಪಾಠ, ಅವಳ ಅಂಟು... ಎಲ್ಲ ಹಾಳಾಗಲಿ! ಮರುಗಳಿಗೆಯೇ ತನ್ನ ಮೇಲೆ ತನಗೇ ನಾಚಿಕೆಯಾಯಿತು.

ಬಗ್ಗಿ ನೋಡಿದಳು. ಮಂಜಿನ ನಡುವೆ, ಮುಚ್ಚಳದ ಉದ್ದಕ್ಕೂ ಕೂದಲೆಳೆಯಂಥ ಗೆರೆ. ಹಾಳೆಯಲ್ಲಿ ಅಂಥ ಗೆರೆ ಇರುವುದಿಲ್ಲ. ಇದು ಪ್ಲಾಸ್ಟಿಕ್ ಸೋಡಾ ಬಾಟಲಿಯ ಗೆರೆ! ಅಚ್ಚನ್ನು ಬಾಟಲಿಯೊಳಗೆ ತೂರಿಸಿ ಬಿಸಿಗಾಳಿ ಹಿಡಿದರೆ ಅದು ಕುಗ್ಗಿ ಅಚ್ಚಿಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಎರಡನೆಯವರ ಕೈ ಬೇಕಿಲ್ಲ.

"ಮೂರು ಶನಿವಾರ, ಹನ್ನೊಂದು ಬಾಟಲಿ ಸುಟ್ಟ," ಬ್ಲಾಂಕಾ ಕೋಟು ಎತ್ತಿಕೊಂಡಳು. "ಬೂಟಿನ ಅಚ್ಚಿಗೆ ಚರ್ಮ ಎಳೆಯೋ ಹಾಗೇನೇ ಅಂತ ನಾನು ಹೇಳಿದ್ದು ಅಷ್ಟೇ. ಕೈ ಹಚ್ಚೋಕೆ ಬಿಡಲಿಲ್ಲ ಈ ಮಹಾರಾಯ. ಕೊನೆಗೆ ಬಿಯರ್ ಕುಡಿಯೋಣ ಬಾ ಅಂತ ನಾನೇ ಕರೆದೆ. ಬರಲಿಲ್ಲ. ನಿಮ್ಮ ಹೆಸರು ಹೇಳಿದ."

"ನನ್ನ ಹೆಸರಾ...?"

"ಹೂಂ. ಮೂರು ವಾರದಿಂದ ಆ ಹೆಸರು ಕೇಳಿ ಕೇಳಿ ನಂಗೂ ಹೊಟ್ಟೆಕಿಚ್ಚು, ಗೊತ್ತಾ? ನೋಡ್ಕೊಂಡು ಹೋಗೋಣ ಅಂತಾನೇ ಬಂದಿದ್ದು. ನೋಡಿದೆ. ಬರ್ತೀನಿ."

ಬಾಗಿಲು ಮುಚ್ಚಿತು. ಪ್ರೊಕೋಪ್ ಸಾಸೇಜನ್ನು ಕಾಗದದಲ್ಲಿ ಸುತ್ತಿಕೊಂಡ. "ಇಲ್ಲೇ ನಿಂತು ಕೇಳೋಕೆ ನಂಗೇನೋ ಆಸೆ. ಆದ್ರೆ ಮೈದಾನದಲ್ಲಿ ಹುಲ್ಲು ಕತ್ತರಿಸ್ಬೇಕು ನೋಡಪ್ಪ."

ಇಬ್ಬರೇ ಉಳಿದರು.

"ಯಾಕೆ ಹೀಗೆ ಮಾಡಿದೆ?"

ಓತಕರ್ ಮೇಜಿನ ಅಂಚನ್ನು ಹಿಡಿದುಕೊಂಡ. "ಹೋದ ಶರತ್ಕಾಲದಲ್ಲಿ ನೀನು ಪ್ರೊಕೋಪ್ ಹತ್ರ ಹೇಳಿದ್ದೆ. 'ಮುಚ್ಚಳ ಅಂಗಡೀಲಿ ಸಿಗೋ ಹಾಗಿದ್ರೆ ಓತಕರ್‌ಗೆ ನನ್ನ ಮನೆ ದಾರೀನೇ ನೆನಪಿರಲ್ಲ' ಅಂತ. ನಾನು ಹೊರಗಡೆ ನಿಂತಿದ್ದೆ."

ರಾದ್ಮಿಲಾಳಿಗೆ ನೆನಪಾಯಿತು. ನಗುತ್ತಾ ಆಡಿದ ಮಾತು ಅದು... ಮನೆಗೆ ಹೋಗಿ ಅತ್ತ ಮಾತು.

"ಮುಚ್ಚಳ ಮಾಡೋದು ನಾನೇ ಕಲಿತ್ರೆ, ಅದರ ನೆಪ ಇಲ್ಲದೆ ನಿನ್ನ ಮನೆಗೆ ಬರಬಹುದು ಅಂದ್ಕೊಂಡೆ. ನಾಳೆ ಸಂಜೆ ಬರೋನಿದ್ದೆ."

"ದಡ್ಡ! ಎರಡು ತಿಂಗಳು ನಾನು ಕಿಟಕಿ ಹತ್ರ ಕೂತಿದ್ದೆ ಕಣೋ!" ಅವಳ ಕಣ್ಣು ತುಂಬಿತು. "ಅಚ್ಚು ಕೊಡು. ಓವನ್ ಹಚ್ತೀನಿ. ಈ ಮುಚ್ಚಳಕ್ಕೆ ತೀರ್ಪುಗಾರರು ಒಂದಂಕಾನೂ ಕೊಡಲ್ಲ."

"ಕೊಡದಿದ್ರೆ ಬೇಡ. ಹಾರಾಟಕ್ಕೇನೂ ತೊಂದರೆ ಇಲ್ಲ. ಇವತ್ತು ಅಚ್ಚು ಕೊಟ್ರೆ ಮತ್ತೆ ಮುಚ್ಚಳಕ್ಕೇ ಬಂದ ಹಾಗಾಗತ್ತೆ."

"ಹಾಗಾದ್ರೆ ಇನ್ಯಾತಕ್ಕೆ ಬರ್ತೀಯ?"

"ನಿನಗೋಸ್ಕರ, ರಾದ್ಮಿಲಾ. ದಿನಾ."

ಅವಳು ಅವನ ಕೈ ಹಿಡಿದಳು. ಅಂಗೈ ತುಂಬ ಸುಟ್ಟ ಬೊಬ್ಬೆಗಳು. ಹನ್ನೊಂದು ಬಾಟಲಿಗಳ ಗುರುತು. ಒಂದೊಂದನ್ನೂ ಮೆಲ್ಲಗೆ ಮುಟ್ಟಿದಳು.

"ಒಂದು ಮಾತು," ಎಂದಳು, ಅವನ ಭುಜಕ್ಕೆ ಹಣೆ ಒರಗಿಸಿ. "ಇನ್ಮೇಲೆ ಆ ಬೂಟಿನ ಅಂಗಡಿ ಕಡೆ ತಲೆ ಹಾಕಬಾರದು."

"ನನ್ನ ಬೂಟು ಹರಿದ್ರೆ?"

"ಬರಿಗಾಲಲ್ಲೇ ಬಾ."