ಪ್ರಭಾವತಿಯ ಪಾಲಕ್

ಗದಗದಲ್ಲಿ ಪ್ರಭಾವತಿ ಹಡಗಲಿ ಎಂಬಾಕೆ ನಡೆಸುತ್ತಿದ್ದ ಖಾನಾವಳಿಯ ಹಿಂಗೋಡೆಗೆ ನಾಲ್ಕು ಪ್ಲಾಸ್ಟಿಕ್ ಪೈಪುಗಳು ಅಡ್ಡಲಾಗಿ ಅಂಟಿಕೊಂಡಿದ್ದವು. ಪೈಪಿನಲ್ಲಿ ಕೊರೆದ ತೂತುಗಳಿಗೆ ಪುಟ್ಟ ಬುಟ್ಟಿಗಳು, ಬುಟ್ಟಿಯಲ್ಲಿ ಮಣ್ಣಿನ ಬದಲು ತೆಂಗಿನ ನಾರು, ನಾರಿನಿಂದ ಎದ್ದ ಪಾಲಕ್. ಕೆಳಗಿನ ಡ್ರಮ್ಮಿನ ನೀರನ್ನು ಸಣ್ಣ ಪಂಪೊಂದು ಮೇಲಕ್ಕೆತ್ತಿ, ಬೇರುಗಳನ್ನು ತೋಯಿಸಿ, ಮತ್ತೆ ಕೆಳಗಿಳಿಸುತ್ತಿತ್ತು. ಇಷ್ಟನ್ನು ಆ ಕಾಲಕ್ಕೆ ಯಾರು ಬೇಕಾದರೂ ಮನೆಯಲ್ಲೇ ಕಟ್ಟಿಕೊಳ್ಳುತ್ತಿದ್ದರು. ಹೊಸದೆಂದರೆ ಡ್ರಮ್ಮಿನಲ್ಲಿ ತೇಲುತ್ತಿದ್ದ ಅಂಗೈಯಗಲದ ಬಿಳಿ ಡಬ್ಬಿ. ಪ್ರಭಾವತಿಯ ಮುಂಗೈಗೆ ಅಂಟಿಸಿದ ಪಟ್ಟಿಯೊಂದು ಅವಳ ರಕ್ತದ ಸುದ್ದಿಯನ್ನು ಅದಕ್ಕೆ ಕಳಿಸುತ್ತಿತ್ತು. ಡಬ್ಬಿ ಅದಕ್ಕೆ ತಕ್ಕಂತೆ ನೀರಿಗೆ ಲವಣ ಬೆರೆಸುತ್ತಿತ್ತು.

ಪ್ರಭಾವತಿಯ ಮೂತ್ರಪಿಂಡಗಳು ಕೈಕೊಟ್ಟು ಆರು ವರ್ಷವಾಗಿತ್ತು. ಸೊಪ್ಪಿನಲ್ಲಿ ಪೊಟ್ಯಾಸಿಯಂ ಎಂಬ ಲವಣ ಹೇರಳ. ಮೂತ್ರಪಿಂಡ ಗಟ್ಟಿಯಾಗಿದ್ದರೆ ಹೆಚ್ಚಾದದ್ದನ್ನು ಹೊರಹಾಕುತ್ತದೆ. ಸೋತಿದ್ದರೆ ಅದು ರಕ್ತದಲ್ಲೇ ಉಳಿದು ಎದೆಬಡಿತವನ್ನು ತಪ್ಪಿಸುತ್ತದೆ. ಹಾಗಾಗಿ ಊರಿಗೆಲ್ಲ ರೊಟ್ಟಿ, ಪಲ್ಯ ಬಡಿಸುವ ಹೆಂಗಸು ತಾನು ಮಾತ್ರ ಲವಣ ಇಳಿದುಹೋಗಲೆಂದು ಕುದಿಸಿ, ಬಸಿದು, ಹಿಂಡಿದ ಹಿಪ್ಪೆ ತಿನ್ನುತ್ತಿದ್ದಳು.

ಡಬ್ಬಿಯನ್ನು ಕಂಡುಹಿಡಿದವಳು ಧಾರವಾಡದಲ್ಲಿ ಕೆಲಸ ಮಾಡುವ, ತುಮಕೂರು ಕಡೆಯ ಡಾ. ಶೈಲಶ್ರೀ. ಅವಳ ತರ್ಕ ಸರಳ. ಮಣ್ಣಿನೊಳಗಿನ ಪೊಟ್ಯಾಸಿಯಂ ಮೇಲೆ ನಮ್ಮ ಹಿಡಿತವಿಲ್ಲ. ನೀರಿನಲ್ಲಾದರೆ ನಾವು ಹಾಕಿದಷ್ಟೇ. ಕೊಯ್ಲು ಹತ್ತಿರ ಬಂದಂತೆ, ಗಿಡ ಬಾಡದ ಹಾಗೆ ಅದನ್ನು ತುಸುತುಸುವೇ ತಪ್ಪಿಸಿ ನಿರಪಾಯದ ಬೇರೆ ಲವಣ ಉಣಿಸಿದರೆ, ಸೊಪ್ಪು ರುಚಿಯಲ್ಲಿ ಸೊಪ್ಪೇ, ರೋಗಿಗೆ ಮಾತ್ರ ಅಪಾಯವಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದ ಹಿರಿಯರು ಶೈಲಶ್ರೀಯನ್ನು ಕಂಡಿರಲಿಲ್ಲ, ಪಾಪ.

ಮೊದಲ ಕೊಯ್ಲಿನ ದಿನ ಪ್ರಭಾವತಿ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಎರಡು ರೊಟ್ಟಿ ತಿಂದಳು. ತಿನ್ನುತ್ತಲೇ ಅತ್ತಳು. ಪೊಟ್ಯಾಸಿಯಂ ಏರಿದರೆ ಕೂಗಬೇಕಿದ್ದ ಮುಂಗೈಯ ಪಟ್ಟಿ ಸುಮ್ಮನಿತ್ತು. ಉಳಿದ ಪಲ್ಯವನ್ನು ಬಟ್ಟಲಿಗೆ ಹಾಕಿ ಪಕ್ಕದ ಮನೆಯ ಫರ್ಜಾನಾಗೆ ಕಳಿಸಿದಳು.

ಫರ್ಜಾನಾಗೂ ಆಸೆ ಹುಟ್ಟಿತು. ಪ್ರಭಾವತಿಯೇ ನಿಂತು ತೂತು ಕೊರೆಯುವುದು, ಇಳಿಜಾರು ಕೊಡುವುದು ಎಲ್ಲ ಕಲಿಸಿದಳು. ಅದೇ ಅಂಗಡಿಯ ಪೈಪು, ಅದೇ ಪಂಪು. ಡಬ್ಬಿ ಮಾತ್ರ ಇರಲಿಲ್ಲ. ನೀರಿಗೆ ಹಾಕಿದ್ದು ಪೇಟೆಯಲ್ಲಿ ಸಿಗುವ ಸಾಮಾನ್ಯ ಗೊಬ್ಬರದ ಪುಡಿ, ಅದರ ತುಂಬ ಪೊಟ್ಯಾಸಿಯಂ. ಆ ಓಣಿಯಲ್ಲಿ ಬಂದ ಬಟ್ಟಲು ಬರಿದಾಗಿ ಹಿಂದಿರುಗುವುದಿಲ್ಲ. ಫರ್ಜಾನಾ ತನ್ನ ಮೊದಲ ಕೊಯ್ಲಿನ ಪಲ್ಯವನ್ನು ತುಂಬಿ ಕಳಿಸಿದಳು. ಪೈಪಿನಲ್ಲಿ ಬೆಳೆದದ್ದಲ್ಲವೇ ಎಂದು ಪ್ರಭಾವತಿ ನೆಮ್ಮದಿಯಿಂದ ತಿಂದಳು.

ಸಂಜೆಗೆ ಕಾಲು ಸೋತವು, ಪಟ್ಟಿ ಕಿರುಚಿಕೊಂಡಿತು, ಎದೆ ಬಡಿತ ತಪ್ಪಿತು. ಆಸ್ಪತ್ರೆಯವರು ಚುರುಕಾಗಿದ್ದರಿಂದ ಜೀವ ಉಳಿಯಿತು.

ಮರುದಿನ ಶೈಲಶ್ರೀ ಆಸ್ಪತ್ರೆಗೆ ಓಡಿಬಂದಳು. ಹೆದರಿದ್ದಳು, ಹೆದರಿಕೆ ಸಿಟ್ಟಾಗಿತ್ತು. ಇನ್ನು ಮೇಲೆ ಯಾರ ಮನೆಯದನ್ನೂ ಮುಟ್ಟುವುದಿಲ್ಲ ಎಂದು ಮಾತು ಕೊಡದಿದ್ದರೆ ಡಬ್ಬಿ ವಾಪಸು ಒಯ್ಯುವುದಾಗಿ ಹೇಳಿದಳು. ಮತ್ತೆ ಹಿಪ್ಪೆ ತಿನ್ನುವ ದಿನಗಳು ಪ್ರಭಾವತಿಯ ಕಣ್ಣೆದುರು ಬಂದಿರಬೇಕು.

"ಒಯ್ರಿ ಮೇಡಂ," ಎಂದಳು. "ಆಕಿ ಕೊಟ್ಟದ್ದನ್ನ ಬ್ಯಾಡ ಅಂದು, ನಾ ಒಬ್ಬಾಕಿನ ಕುಂತು ತಿನ್ನೂ ಪಾಲಕ ನನಗ ಬ್ಯಾಡ್ರಿ."

ಮಂಚದ ಕಾಲ್ದೆಸೆಯಲ್ಲಿ ನಿಂತು ಬೆಳಗಿನಿಂದ ಅಳುತ್ತಿದ್ದ ಫರ್ಜಾನಾ ಮೂಗೊರೆಸಿಕೊಂಡು ಕೇಳಿದಳು:

"ನನ್ನ ಒಂದು ಪೈಪಿಗೆ ಅಕ್ಕನ ನೀರು ಬಿಡಾಕ ಬರೂದಿಲ್ಲೇನ್ರಿ? ಆಕಿಗೆ ಕಳಸೂದನ್ನ ಅದರಾಗ ಬೆಳೀತೀನಿ."

ಒಬ್ಬ ರೋಗಿ, ಒಂದು ತಟ್ಟೆ ಎಂದು ವರ್ಷಗಟ್ಟಲೆ ಲೆಕ್ಕ ಹಾಕಿದ್ದ ಶೈಲಶ್ರೀಯ ತಲೆಗೆ ಪಕ್ಕದ ಮನೆ ಹೊಳೆದೇ ಇರಲಿಲ್ಲ. ಆ ವಾರವೇ ನಡುಗೋಡೆಗೆ ತೂತು ಬಿತ್ತು. ಪ್ರಭಾವತಿಯ ಡ್ರಮ್ಮಿನ ನೀರು ಫರ್ಜಾನಾಳ ಒಂದು ಪೈಪಿನಲ್ಲಿ ಹರಿಯಿತು. ಹಬ್ಬದ ಹೊತ್ತಿಗೆ ಓಣಿಯ ಇನ್ನೂ ಮೂರು ಮನೆಯವರು ತಾವಾಗಿಯೇ ಬಂದು ಒಂದೊಂದು ಪೈಪು ಸೇರಿಸಿಕೊಂಡರು. ಪ್ರಭಾವತಿ ಎಲ್ಲರ ಮನೆಯ ಪಲ್ಯ ತಿಂದಳು, ಯಾರ ಉಪ್ಪು ಹೆಚ್ಚು ಎಂದು ಆಡಿಕೊಂಡಳು, ಗಟ್ಟಿಮುಟ್ಟಾಗಿ ಖಾನಾವಳಿ ನಡೆಸಿದಳು.

ಮುಂದೆ ಡಬ್ಬಿ ನಾಡಿನ ತುಂಬ ಹರಡಿತು. ಅಳವಡಿಸಲು ಹೋಗುವವರು ರೋಗದ ವಿಚಾರಕ್ಕೂ ಮೊದಲು ಒಂದು ಮಾತು ಕೇಳಬೇಕೆಂದು ಶೈಲಶ್ರೀ ಕಟ್ಟುನಿಟ್ಟು ಮಾಡಿದ್ದಳು: ನಿಮ್ಮ ಮನೆಗೆ ಯಾರ ಮನೆಯಿಂದ ಅಡುಗೆ ಬರುತ್ತದೆ? ಆ ಮನೆಗಳಿಗೂ ಪೈಪು ಎಳೆಯುತ್ತಿದ್ದರು.

ವಯಸ್ಸಾದಂತೆ ಶೈಲಶ್ರೀಯ ಮೂತ್ರಪಿಂಡಗಳೂ ದಣಿದವು. ಹುಬ್ಬಳ್ಳಿಯ ಅಪಾರ್ಟ್‌ಮೆಂಟಿನ ಏಳನೇ ಮಹಡಿಗೆ ಪೈಪು ಕೂರಿಸಲು ಬಂದ ಯುವತಿಗೆ ಈಕೆ ಯಾರೆಂದು ಗೊತ್ತಿರಲಿಲ್ಲ. ವಾಡಿಕೆಯಂತೆ ಪ್ರಶ್ನೆ ಕೇಳಿದಳು. ಶೈಲಶ್ರೀ ಎದುರು ಮನೆಯ ಮುಚ್ಚಿದ ಬಾಗಿಲನ್ನು ನೋಡಿದಳು. ಆ ಬಾಗಿಲಿನವರ ಹೆಸರು ಅವಳಿಗೆ ಗೊತ್ತಿರಲಿಲ್ಲ.

"ಯಾರ ಮನೆಯಿಂದಲೂ ಇಲ್ಲಮ್ಮ."

"ಹಂಗಾದ್ರ ಕೆಲಸ ಹಗುರ ಆತ್ರಿ," ಎಂದು ಆಕೆ ಖುಷಿಯಿಂದ ಅಳತೆಪಟ್ಟಿ ಬಿಚ್ಚಿದಳು.

ಹೀಗೆ ಕೆಲಸ ಹಗುರವಾಗುವ ಮನೆಗಳು ನಮ್ಮ ಊರುಗಳಲ್ಲಿ ಎಷ್ಟಿವೆ ಎಂದು ಎಣಿಸಲು, ಇನ್ನೂ ಕಥೆಯಲ್ಲೇ ಇರುವ ಆ ಡಬ್ಬಿ ನಿಜವಾಗಿ ಬರುವ ತನಕ ನಾವು ಕಾಯಬೇಕಾಗಿಲ್ಲ.