ಆಲಸನತ್ತಂ ಮಹಡಿಯ ಬಿಳಿ ಶೀಟು

"ಇದು ಬೇಡ. ಬಿಳೀದು ತೋರ್ಸಿ."

ಉಷಾರಾಣಿಯ ಕೈ ಇನ್ನೂ ಮರೂನ್ ಶೀಟಿನ ಮೇಲೇ ಇತ್ತು. ನಿಶ್ಚಿತಾರ್ಥವಾದ ಮೇಲೆ ಪ್ರಮೋದ್ ಅವಳೆದುರು ಆಡಿದ ಮೊದಲ ಮಾತು ಇದು... ಅದೂ ಅಂಗಡಿಯವನಿಗೆ!

ಮದುವೆಯಾದ ಮೇಲೆ ಇಬ್ಬರೂ ಇರಬೇಕಾದ ಕೋಣೆ ಆಲಸನತ್ತಂನಲ್ಲಿ, ಅವನ ಮನೆಯ ಮಹಡಿ ಮೇಲೆ ಏಳುತ್ತಿತ್ತು. ಚಾವಣಿಗೆ ಶೀಟು ಆರಿಸಲು ಬಾ ಎಂದು ಅವಳಿಗೂ ಹೇಳಿಕಳಿಸಿದ್ದರು. ಬಿಳಿ ಶೀಟು ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಅದರ ಕೆಳಗೆ ಫೋಮ್ ಪದರ ಇದ್ದರೆ ಎ.ಸಿ. ಬೇಕಿಲ್ಲ, ಫ್ಯಾನೇ ಸಾಕು ಎಂದು ಮತ್ತಿಗಿರಿಯ ಅಂಗಡಿಯ ಶ್ಯಾಮಣ್ಣ ವಿವರಿಸಿದ. ಪ್ರಮೋದ್ ಆಗಲಿ ಎಂದ. ಅವಳನ್ನು ಕೇಳಲೇ ಇಲ್ಲ.

ಜೊತೆಗೆ ಬಂದಿದ್ದ ಅವನ ತಾಯಿ ಚಿಕ್ಕತಾಯಮ್ಮ ಅಷ್ಟಕ್ಕೇ ಬಿಡಲಿಲ್ಲ. "ಮದ್ವೆ ಆದ್ಮೇಲೆ ನೈಟ್ ಶಿಫ್ಟೆಲ್ಲ ಬಿಟ್ಬುಡಮ್ಮ. ರಾತ್ರಿಯೆಲ್ಲ ಆಚೆ ಇರೋದು ನಮ್ಗೆ ಸರಿಬರಲ್ಲ."

ಪ್ರಮೋದ್ ಏನಾದರೂ ಹೇಳುತ್ತಾನೆಂದು ಉಷಾರಾಣಿ ಕಾದಳು. ಮಹಾರಾಯ ಶೀಟನ್ನೇ ತಟ್ಟಿ ನೋಡುತ್ತಿದ್ದ.

ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಸೂಪರ್‌ವೈಸರ್ ಆಗಲು ಪಟ್ಟ ಪಾಡು ಅವಳಿಗೇ ಗೊತ್ತು. ಶೀಟಿನ ಬಣ್ಣಕ್ಕೇ ನನ್ನ ಮಾತು ನಡೆಯದಿದ್ದರೆ, ಕೆಲಸದ ವಿಷಯದಲ್ಲಿ ನಡೆಯುತ್ತದೆಯೇ? ಅಂದಿನಿಂದ ಅವಳು ಅವನ ಫೋನ್ ಎತ್ತಲಿಲ್ಲ.

ಕೆಲವು ವಾರ ಕಳೆದವು. ಒಂದು ದಿನ ಪಾಳಿ ಮುಗಿಸಿ ಬಂದವಳಿಗೆ ನಿದ್ದೆಯೇ ಹತ್ತಲಿಲ್ಲ. ಈ ಮದುವೆ ಬೇಡವೆಂದು ಎದುರಿಗೇ ಹೇಳಿಬಿಡಲು ನಡುಮಧ್ಯಾಹ್ನ ಆಲಸನತ್ತಂಗೆ ಹೊರಟಳು. ಚಿಕ್ಕತಾಯಮ್ಮ ಮುಖ ಬಿಗಿದುಕೊಂಡೇ ಮಹಡಿಯ ಮೆಟ್ಟಿಲು ತೋರಿಸಿದರು.

ಕೋಣೆಗೆ ಬಿಳಿ ಶೀಟು ಹಾಕಿಯಾಗಿತ್ತು. ಪ್ರಮೋದ್ ಚಾಪೆಯ ಮೇಲೆ ಮಲಗಿದ್ದವನು ಅವಳನ್ನು ಕಂಡು ದಡಬಡಿಸಿ ಎದ್ದ.

"ಏನ್ ಮಾಡ್ತಿದ್ದೀರ?"

"ಈ ಹೊತ್ನಲ್ಲಿ ನಿದ್ದೆ ಬತ್ತದಾ ಅಂತ ನೋಡ್ತಿದ್ದೆ. ನೀವು ನೈಟ್ ಮುಗ್ಸಿ ಬಂದು ಮಲ್ಗೋದು ಹಗಲೊತ್ತೇ ಅಲ್ವಾ... ಮರೂನ್ ಆಗಿದ್ರೆ ಕಾವು ತಡ್ಯೋಕಾಗ್ತಿರ್ಲಿಲ್ಲ."

ಉಷಾರಾಣಿಯ ಕಣ್ಣು ತುಂಬಿ ಬಂತು.

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಅಮ್ಮನ ಮುಂದೆ ಬಾಯೇ ಬರ್ಲಿಲ್ಲ. ತಪ್ಪು ನಂದೇ. ನಿನ್ನೆ ಹೇಳ್ಬುಟ್ಟೆ, ಉಷಾ ಕೆಲ್ಸ ಬಿಡಲ್ಲ ಅಂತ. ಮುನಿಸ್ಕೊಂಡವ್ರೆ. ಆದ್ರೂ ಹಗಲೊತ್ತು ಟೀವಿ ಸಣ್ಣಕ್ಕೆ ಇಕ್ಕೋತೀನಿ ಅಂದ್ರು."

ಅವಳು ಅಳುತ್ತಲೇ ನಕ್ಕಳು. ಇವನೇ ಬೇಕು ಎಂದು ಅವಳ ಮನಸ್ಸು ಆಗಲೇ ತೀರ್ಮಾನಿಸಿಬಿಟ್ಟಿತ್ತು.

"ನಂಗೆ ನೀವು ಇಷ್ಟ. ಆದ್ರೆ ಇನ್ಮೇಲೆ ಏನೇ ಇದ್ರೂ ನನ್ನ ಕೇಳಿ ಮಾಡ್ಬೇಕು."

"ಕೇಳ್ತೀನಿ."

ತಲೆಯ ಮೇಲೆ ಉರಿಬಿಸಿಲು, ಕೆಳಗೆ ತಂಪು. ಬೆಳಿಗ್ಗೆಯಿಂದ ಕೈಕೊಟ್ಟಿದ್ದ ನಿದ್ದೆ ಈಗ ಕಣ್ಣಿಗೆ ಒತ್ತಿಕೊಂಡು ಬಂತು. ಅವಳು ಚಾಪೆಯ ಮೇಲೆ ಕುಳಿತಳು.

ಪ್ರಮೋದ್ ಬಾಗಿಲ ಬಳಿ ನಿಂತು ಕೇಳಿದ, "ಎಷ್ಟೊತ್ಗೆ ಎಬ್ಬಿಸ್ಲಿ?"

"ಎಬ್ಬಿಸ್ಬೇಡಿ," ಎಂದು ಉಷಾರಾಣಿ ಕಣ್ಣು ಮುಚ್ಚಿದಳು.