ಸಂದಿ ಗೋಡೆಯ ನಲವತ್ತೇಳು

ಮೂರನೇ ಸಲ ಸುಣ್ಣ ಬಳಿದರೂ ಆ ಕೆಂಪು ಇಣುಕುತ್ತಲೇ ಇತ್ತು.

ಲೋಹಿತಾ ಬ್ರಷ್ಷನ್ನು ಮತ್ತೆ ಬಕೆಟ್ಟಿಗೆ ಅದ್ದಿದಳು. ಸಂದಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು. ಯಾರೂ ಇಲ್ಲ. ಒಂದು ಮೇಕೆ ಮಾತ್ರ ಎದುರು ಗೋಡೆಯ ಹಳೇ ಪೋಸ್ಟರ್ ತಿನ್ನುತ್ತಾ ನಿಂತಿತ್ತು.

"ಯಾರ್ಗೂ ಹೇಳ್ಬೇಡ, ಗೊತ್ತಾಯ್ತಾ?" ಎಂದಳು ಅದಕ್ಕೆ.

ಮೇಕೆ ಪೋಸ್ಟರಿನಲ್ಲಿದ್ದ ಯಾರದೋ ಮೀಸೆ ಕಿತ್ತುಕೊಂಡು ಅಗಿಯಿತು.

"ಲೋಹೀ! ಎಷ್ಟೊತ್ತೇ ಅದು? ಗೋಡೆಗೆ ಸುಣ್ಣ ಹೊಡೀತಿದ್ದೀಯೋ ಇಲ್ಲ ಎಣ್ಣೆಸ್ನಾನ ಮಾಡಿಸ್ತಿದ್ದೀಯೋ?" ಅಂಗಡಿ ಮುಂದಿನಿಂದ ಅಜ್ಜಿ ಚಿಕ್ಕಹನುಮಕ್ಕ ಕೂಗಿದಳು.

"ಆಯ್ತು ಕಣಜ್ಜಿ, ಬಂದೇ ಬುಟ್ಟೆ!"

ನಾಳೆ ಆಯುಧಪೂಜೆ. ಮಧುಗಿರಿಯ ಹಳೇ ಬಸ್‌ಸ್ಟ್ಯಾಂಡ್ ಬೀದಿಯಲ್ಲಿ ಅಂಗಡಿಗಳ ಸಾಮಾನೆಲ್ಲ ರಸ್ತೆಗೆ ಬಂದಿತ್ತು. ಒಂದು ಕಡೆ ಜೇಡರ ಬಲೆ ಹೊಡೆಯುತ್ತಿದ್ದರು, ಇನ್ನೊಂದು ಕಡೆ ಶಟರ್‌ಗೆ ಎಣ್ಣೆ ಹಾಕುತ್ತಿದ್ದರು. ಲೋಹಿತಾಳ ಅಪ್ಪ ಮಲ್ಲೇಶನದು ಸ್ಟೌ ಮತ್ತು ಕುಕ್ಕರ್ ರಿಪೇರಿ ಅಂಗಡಿ. ಅಪ್ಪ ಬೇಸಿನ್ನಿನಲ್ಲಿ ಹುಣಸೆಹಣ್ಣು ಕಿವುಚಿ, ಆ ನೀರಿನಲ್ಲಿ ಹಿತ್ತಾಳೆ ಬರ್ನರ್‌ಗಳನ್ನು ನೆನೆಹಾಕಿ ತಿಕ್ಕುತ್ತಿದ್ದ. ಕಪ್ಪಗಿದ್ದ ಬರ್ನರ್ ನೋಡನೋಡುತ್ತಿದ್ದಂತೆ ಚಿನ್ನದ ಹಾಗೆ ಆಗುತ್ತಿತ್ತು.

ಐದನೇ ಕ್ಲಾಸಿನ ಲೋಹಿತಾಳಿಗೆ ದಸರಾ ರಜೆ. ಸುಣ್ಣದ ಕೆಲಸ ಅವಳೇ ಕೇಳಿ ತೆಗೆದುಕೊಂಡಿದ್ದಳು. ಯಾಕೆ ಅಂತ ಯಾರೂ ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು.

ಹತ್ತು ಹನ್ನೆರಡು ದಿನದ ಹಿಂದೆ ಸರ್ವೆಯವರು ಬಂದು ಟೇಪು ಹಿಡಿದು ಬೀದಿಯನ್ನೆಲ್ಲ ಅಳೆದಿದ್ದರು. ಒಂದೊಂದು ಅಂಗಡಿಯ ಗೋಡೆಗೂ ಕೆಂಪು ಪೇಂಟಿನಲ್ಲಿ ಒಂದು ನಂಬರು, ಪಕ್ಕದಲ್ಲಿ ಒಂದು ಬಾಣದ ಗುರುತು. ಇವರ ಅಂಗಡಿಗೆ ಬಿದ್ದದ್ದು 47. ಅದು ಸಂದಿಯ ಕಡೆಯ ಗೋಡೆಯ ಮೇಲೆ ಇತ್ತು.

ಆಮೇಲೆ ಬೀದಿಯ ತುದಿಯಲ್ಲಿ ದೊಡ್ಡ ಫ್ಲೆಕ್ಸ್ ಎದ್ದಿತು. ಅದರಲ್ಲಿ ಕೆಳಗಡೆ ಹೊಸ ಬಸ್‌ಸ್ಟ್ಯಾಂಡು, ಮೇಲೆ ಗಾಜಿನ ಆಫೀಸುಗಳು, ಹಿಂದೆ ಆಕಾಶದಷ್ಟು ಎತ್ತರದ ಮನೆಗಳು, ಮುಂದೆ ಯಾವತ್ತೋ ಬರಲಿರುವ ರೈಲ್ವೆ ಸ್ಟೇಷನ್ನಿಗೆ ಅಗಲವಾದ ರೋಡು. ಬಳೆ ಅಂಗಡಿ ಪ್ರಭುದೇವ್ ಅಂಕಲ್ ಮಗಳು ಯಶಸ್ವಿನಿ ಮತ್ತು ಲೋಹಿತಾ ಅದರ ಮುಂದೆ ನಿಂತು ಬೇಕಾದಷ್ಟು ಹೊತ್ತು ತಮ್ಮ ಅಂಗಡಿಗಳನ್ನು ಹುಡುಕಿದ್ದರು.

"ಈ ಆಂಟಿ ಯಾರೇ, ಪ್ಯಾಂಟ್ ಹಾಕ್ಕೊಂಡು ಮಗೂನ ಗಾಡೀಲಿ ತಳ್ಕೊಂಡು ಹೋಗ್ತವ್ರೆ? ನಮ್ಮ ಬೀದೀಲಿ ನೋಡೇ ಇಲ್ಲ," ಎಂದಿದ್ದಳು ಯಶಸ್ವಿನಿ.

"ಅದ್ ಬುಡು. ನಮ್ ಅಂಗಡಿ ಎಲ್ಲೈತೆ?"

ಫ್ಲೆಕ್ಸಿನಲ್ಲಿ ನೀರಿನ ಕಾರಂಜಿ ಇತ್ತು. ಮರಗಳಿದ್ದವು. ನಾಯಿ ಕೂಡ ಇತ್ತು. ಕುಕ್ಕರ್ ರಿಪೇರಿ ಅಂಗಡಿ ಮಾತ್ರ ಇರಲಿಲ್ಲ.

ಟೀ ಗಾಡಿಯ ಬೈಲಪ್ಪ ಬೇರೆ ಎಲ್ಲರಿಗೂ ಹೇಳುತ್ತಿದ್ದ: "ನಂಬರ್ ಬಿತ್ತಾ? ಹಂಗಾದ್ರೆ ಜೆಸಿಬಿ ಬಂತು ಅಂತ್ಲೇ ತಿಳ್ಕಳಿ. ಸದ್ಯ, ನನ್ ಗಾಡಿಗೆ ನಂಬರ್ ಹಾಕ್ಲಿಲ್ಲಪ್ಪ!"

ಅವತ್ತಿನಿಂದ ಲೋಹಿತಾಳ ಹೊಟ್ಟೆಯೊಳಗೆ ವಿಷಲ್ ಆಗದ ಕುಕ್ಕರ್ ಒಂದು ಕುದಿಯುತ್ತಲೇ ಇತ್ತು. ಅವಳು ಯೋಚಿಸಿ ಯೋಚಿಸಿ ಒಂದು ಉಪಾಯ ಕಂಡುಹಿಡಿದಳು. ಹಾಜರಿ ಪುಸ್ತಕದಲ್ಲಿ ನಂಬರ್ ಇಲ್ಲದವರನ್ನು ಮಿಸ್ಸು ಕರೆಯುವುದೇ ಇಲ್ಲ. ಹಾಗೆಯೇ ಗೋಡೆಯ ಮೇಲೆ ನಂಬರ್ ಇಲ್ಲದಿದ್ದರೆ ಜೆಸಿಬಿಯವನಿಗೆ ಹೇಗೆ ಗೊತ್ತಾಗುತ್ತೆ?

ನಾಲ್ಕನೇ ಸಲ ಬಳಿದಳು. ಈಗ ಗೋಡೆ ಪೂರ್ತಿ ಬೆಳ್ಳಗಾಯಿತು.

"ಅಯ್ಯಯ್ಯೋ! ನಂಬರ್ ಮೇಲೂ ಹೊಡ್ದ್‌ಬುಟ್ಯಾ?"

ಲೋಹಿತಾ ಬೆಚ್ಚಿ ತಿರುಗಿದಳು. ಯಶಸ್ವಿನಿ!

"ಶ್! ಬಾಯ್ ಮುಚ್ಚೇ. ನಿಮ್ ಅಂಗಡೀದೂ ಅಳಿಸ್ಕೊಡ್ಲಾ?"

"ನಮ್ಮಪ್ಪ ನನ್ನನ್ನೇ ಅಳಿಸಾಕ್ತಾರೆ!" ಎಂದು ಯಶಸ್ವಿನಿ ಓಡಿಹೋದಳು.

ಮಾರನೇ ದಿನ ಪೂಜೆ ಜೋರಾಗಿ ನಡೆಯಿತು. ಸುತ್ತಿಗೆ, ಸ್ಪ್ಯಾನರ್, ಕುಕ್ಕರ್‌ಗೆಲ್ಲ ಅರಿಶಿನ ಕುಂಕುಮ. ಅಪ್ಪ ಬೂದುಗುಂಬಳ ಒಡೆದ. ಅಜ್ಜಿ ಬಂದವರಿಗೆಲ್ಲ ಕಡ್ಲೆಪುರಿ ಹಂಚುತ್ತಾ, "ನಮ್ ಲೋಹಿ ಒಬ್ಳೇ ಸುಣ್ಣ ಹೊಡ್ದವ್ಳೆ ಕಣ್ರಪ್ಪ," ಎಂದು ಸಿಕ್ಕವರಿಗೆಲ್ಲ ಹೇಳಿದಳು. ಲೋಹಿತಾ ತಲೆ ತಗ್ಗಿಸಿ ಕೆಳಗೆ ಬಿದ್ದ ಕಡ್ಲೆಪುರಿ ಹೆಕ್ಕತೊಡಗಿದಳು.

ಅಪ್ಪ ಸಂದಿಯ ಕಡೆ ಹೋಗಲೇ ಇಲ್ಲ. ಹೋಗಿ ನೋಡಿದರೆ ಏನು ಹೇಳುವುದು ಅಂತ ಅವಳು ಎರಡು ಉತ್ತರ ರೆಡಿ ಮಾಡಿಟ್ಟುಕೊಂಡಿದ್ದಳು. ಎರಡೂ ಬೇಕಾಗಲಿಲ್ಲ.

ಮೂರು ದಿನ ಕಳೆದವು. ಬೆಳಿಗ್ಗೆ ಹತ್ತು ಗಂಟೆಗೆ ಯಶಸ್ವಿನಿ ಉಸಿರು ಕಟ್ಟಿಕೊಂಡು ಓಡಿ ಬಂದಳು.

"ಲೋಹಿ, ಕೆಟ್ಟೆವು ಕಣೇ! ಸರ್ವೆ ಮೇಡಂ ಬಂದವ್ರೆ. ನಂಬರ್ ಪಕ್ಕ ನಿಲ್ಲಿಸಿ ಫೋಟೋ ಹೊಡೀತವ್ರೆ."

"ಹೊಡ್ಕಳ್ಳಿ. ನಮ್ದ್ರಲ್ಲಿ ನಂಬರೇ ಇಲ್ವಲ್ಲ."

"ಅದಕ್ಕೇ ಹೇಳಿದ್ದು! ನಂಬರ್ ಇದ್ದೋರಿಗೇ ಹೊಸ ಬಿಲ್ಡಿಂಗಲ್ಲಿ ಅಂಗಡಿ ಅಂತೆ. ಇಲ್ದಿದ್ದೋರಿಗೆ ಏನೂ ಇಲ್ವಂತೆ!"

ಲೋಹಿತಾ ಸಂದಿಯ ಕಡೆ ತಿರುಗಿ ನೋಡಿದಳು. "ಮತ್ತೆ ಜೆಸಿಬಿ?"

"ಅದು ಬಂದೇ ಬರುತ್ತಂತೆ. ನಂಬರ್ ಇದ್ರೂ ಬರುತ್ತೆ, ಇಲ್ದಿದ್ರೂ ಬರುತ್ತೆ."

ಯಶಸ್ವಿನಿ ಸುತ್ತ ನೋಡಿ, ಮುಷ್ಟಿ ಬಿಚ್ಚಿದಳು. ಒಳಗೆ ಕೆಂಪು ನೇಲ್‌ಪಾಲಿಶ್ ಬಾಟಲಿ. "ನಮ್ ಅಂಗಡೀದು. ಬೇಗ ಬರ್ದ್‌ಬುಡು. ನಾಲ್ಕು, ಏಳು, ಬಾಣ. ಯಾರ್ಗೆ ಗೊತ್ತಾಗುತ್ತೆ?"

ಲೋಹಿತಾ ಬಾಟಲಿ ಇಸಕೊಂಡಳು. ಅಷ್ಟರಲ್ಲಿ ಎದುರಿನಿಂದ ಗಲಾಟೆ ಕೇಳಿಸಿತು. ಇಬ್ಬರೂ ಇಣುಕಿದರು.

ಕೈಯಲ್ಲಿ ಟ್ಯಾಬ್ ಹಿಡಿದ ಮೇಡಂ ಬೈಲಪ್ಪನ ಟೀ ಗಾಡಿ ಮುಂದೆ ನಿಂತಿದ್ದರು. ಶ್ರೀಲತಾ ಅಂತ ಅವರ ಐಡಿ ಕಾರ್ಡಿನಲ್ಲಿ ಬರೆದಿತ್ತು. ಗಾಡಿಯ ಮೇಲೆ ದಪ್ಪವಾಗಿ 53 ಅಂತ ಕೆಂಪು ನಂಬರ್! ಮೇಡಂ ಅದನ್ನು ಬೆರಳಿನಿಂದ ಒತ್ತಿದರು. ಬೆರಳು ಕೆಂಪಗಾಯಿತು.

"ಏನ್ ಬೈಲಪ್ಪೋರೇ, ಹದಿನೈದು ದಿನ ಆದ್ರೂ ಒಣಗಿಲ್ವಾ ಪೇಂಟು?"

"ಅದು... ನೆರಳಲ್ಲಿತ್ತು ಮೇಡಂ," ಎಂದು ಬೈಲಪ್ಪ ತಲೆ ಕೆರೆದುಕೊಂಡ. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೇಡಂ ನಗಲಿಲ್ಲ. "ಗಾಡಿಯವರಿಗೆ ಬೇರೆ ಲಿಸ್ಟ್ ಇದೆ, ಅಲ್ಲಿ ಹೆಸರು ಕೊಡಿ. ಆದ್ರೆ ನಂಬರ್ ನೀವೇ ಬರ್ಕೊಂಡ್ರೆ ಯಾವ ಲಿಸ್ಟಲ್ಲೂ ಬರಲ್ಲ. ಎಲ್ಲರಿಗೂ ಹೇಳ್ತಿದ್ದೀನಿ."

ಲೋಹಿತಾ ಬಾಟಲಿಯನ್ನು ಯಶಸ್ವಿನಿಯ ಕೈಗೆ ಹಿಂದಕ್ಕೆ ತುರುಕಿದಳು.

"ಮುಂದಿನದು ನಲವತ್ತೇಳು. ಯಾರ್ದು?"

"ನಮ್ದು ಮೇಡಂ, ನಮ್ದು!" ಅಪ್ಪ ಕೈ ಒರೆಸಿಕೊಂಡು ಎದ್ದ. ಬೇಗ ಬೇಗ ತಲೆ ಬಾಚಿಕೊಂಡ. "ಬನ್ನಿ, ಇಲ್ಲೇ ಸಂದೀಲೈತೆ."

ಅಪ್ಪ ಮುಂದೆ, ಮೇಡಂ ಹಿಂದೆ, ಅವರ ಹಿಂದೆ ಅರ್ಧ ಬೀದಿ. ಲೋಹಿತಾ ಎಲ್ಲರಿಗಿಂತ ಹಿಂದೆ.

ಅಪ್ಪ ಗೋಡೆಗೆ ಕೈ ತೋರಿಸಿದ. ತೋರಿಸಿದ ಕೈ ಹಾಗೇ ನಿಂತುಬಿಟ್ಟಿತು. ಗೋಡೆ ಹಾಲಿನ ಹಾಗೆ ಬೆಳ್ಳಗಿತ್ತು.

"ಇಲ್ಲೇ ಇತ್ತು..." ಅಪ್ಪ ಕೆಳಗೆ ನೋಡಿದ, ಮೇಲೆ ನೋಡಿದ. "ಇಲ್ಲೇ ಇತ್ತಲ್ಲ ಮೇಡಂ!"

"ಬೇಡ ಅಂತ ಅಳಿಸಿದ್ರಾ?"

"ಇಲ್ಲ ಮೇಡಂ! ನಾನ್ಯಾಕೆ ಅಳಿಸ್ಲಿ?"

"ನಂಬರ್ ಕಾಣೋ ಫೋಟೋ ಇಲ್ದೆ ಈ ಟ್ಯಾಬು ಮುಂದಕ್ಕೇ ಹೋಗಲ್ಲ. ಇವತ್ತು ಆಗ್ಲಿಲ್ಲ ಅಂದ್ರೆ ತುಮಕೂರಿಗೆ ಹೋಗಿ ಅರ್ಜಿ ಕೊಡ್ಬೇಕು. ಯಾವಾಗ ಆಗುತ್ತೋ ನಾನ್ ಹೇಳಕ್ಕಾಗಲ್ಲ."

ಅಪ್ಪನ ಮುಖ ಚಿಕ್ಕದಾಯಿತು. ಎಂಥಾ ತುಕ್ಕು ಹಿಡಿದ ಸ್ಟೌ ತಂದುಕೊಟ್ಟರೂ 'ಆಗುತ್ತೆ ಬುಡಿ' ಅನ್ನುವ ಅಪ್ಪ. ಈಗ ಬರೀ ಗೋಡೆಯನ್ನು ಅಂಗೈಯಿಂದ ಸವರುತ್ತಿದ್ದ.

ಅಜ್ಜಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಗೋಡೆ ನೋಡಿದಳು. ಹಿಂದೆ ನಿಂತ ಲೋಹಿತಾಳನ್ನೂ ಒಂದು ಸಲ ನೋಡಿದಳು.

"ನಾನೇ ಕಣವ್ವ ಮಾಡ್ಸಿದ್ದು," ಎಂದಳು ಮೇಡಂಗೆ. "ಹಬ್ಬ ಅಂತ ಸುಣ್ಣ ಹೊಡ್ಸ್‌ಬುಟ್ಟೆ. ವಯಸ್ಸಾಯ್ತು, ಕಣ್ಣು ಕಾಣಲ್ಲ. ಬಯ್ಯೋದಿದ್ರೆ ನನ್ನ ಬಯ್ಯಿ."

ಅಜ್ಜಿಗೆ ಕಣ್ಣು ಕಾಣುವುದಿಲ್ಲವೇ! ಅಕ್ಕಿಯಲ್ಲಿ ಸಾಸಿವೆಯಷ್ಟು ಕಲ್ಲಿದ್ದರೂ ಹೆಕ್ಕುವ ಅಜ್ಜಿ! ಲೋಹಿತಾಳ ಹೊಟ್ಟೆಯೊಳಗಿನ ಕುಕ್ಕರ್ ಇನ್ನು ತಡೆಯಲಿಲ್ಲ.

"ಅಜ್ಜಿ ಅಲ್ಲ!"

ಎಲ್ಲರೂ ತಿರುಗಿದರು.

"ಅಜ್ಜಿ ಅಲ್ಲ ಮೇಡಂ. ನಾನು. ಗೊತ್ತಿದ್ದೇ ಬಳ್ದೆ. ನಾಲ್ಕು ಸಲ." ಅವಳು ಜನರನ್ನು ದಾಟಿ ಮುಂದೆ ಬಂದಳು. "ನಂಬರ್ ಇಲ್ದಿದ್ರೆ ಜೆಸಿಬಿ ಬರಲ್ಲ ಅಂದ್ಕೊಂಡೆ."

ಅಪ್ಪ ಅವಳನ್ನೇ ನೋಡುತ್ತಾ ನಿಂತ. ಬೈಯಲಿಲ್ಲ. ಹೊಡೆಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

"ಉಗುರಲ್ಲಿ ಕೆರೆದು ತೆಗೀತೀನಪ್ಪ," ಎಂದು ಲೋಹಿತಾ ಗೋಡೆಗೆ ಕೈ ಹಾಕಿದಳು.

"ಕೆರೀಬೇಡ!" ಅಪ್ಪ ಥಟ್ಟನೆ ಕೈ ಹಿಡಿದ. "ಕೆರದ್ರೆ ಪೇಂಟೂ ಬಂದ್ಬುಡುತ್ತೆ." ಗೋಡೆಯನ್ನು ಒಂದು ನಿಮಿಷ ನೋಡಿದ. ರಿಪೇರಿಗೆ ಬಂದ ಸಾಮಾನನ್ನು ನೋಡುವ ಹಾಗೆಯೇ. ಸುಣ್ಣಕ್ಕೆ ಬೆರಳು ಉಜ್ಜಿ, ಮೂಸಿದ. "ಸುಣ್ಣ ತಾನೆ? ಮೇಡಂ, ಹತ್ತು ನಿಮಿಷ ಟೈಮ್ ಕೊಡಿ. ಲೋಹಿ, ಬರ್ನರ್ ನೆನೆಸಿರೋ ಹುಳಿ ಬೇಸಿನ್ ತಗಂಬಾ. ಗೋಣಿತಾಟೂ ತಾ."

ಲೋಹಿತಾ ಓಡಿದಳು. ಹುಣಸೆಹುಳಿಯ ಬೇಸಿನ್ ತುಳುಕಿಸುತ್ತಾ ತಂದಳು. ಅಪ್ಪ ಗೋಣಿತಾಟು ಅದ್ದಿ, ಹಿಂಡಿ, ಅವಳ ಕೈಗೆ ಕೊಟ್ಟ.

"ಉಜ್ಜಬೇಡ. ಸುಮ್ನೆ ಒತ್ತಿ ಹಿಡ್ಕೊ. ಹುಳಿ ಕುಡೀಲಿ ಅದು."

ಅವಳು ಎರಡೂ ಕೈಯಲ್ಲಿ ಒತ್ತಿ ಹಿಡಿದಳು. ಹುಳಿನೀರು ಮೊಣಕೈವರೆಗೂ ಇಳಿಯಿತು. ಗೋಡೆಯ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದು ಚುರುಚುರು ಎಂದಿತು. ಬರದಿದ್ದರೆ? ಪೇಂಟೂ ಹೋಗಿದ್ದರೆ? ಅವಳು ಕಣ್ಣು ಮುಚ್ಚಿಕೊಂಡಳು.

"ಈಗ ತೆಗಿ. ಮೇಲಿಂದ ಕೆಳಕ್ಕೆ, ಮೆತ್ತಗೆ."

ಬಿಳಿ ಗಂಜಿಯ ಹಾಗೆ ಸುಣ್ಣ ಇಳಿದು ಬಂತು. ಇನ್ನೊಂದು ಸಲ. ಮತ್ತೊಂದು ಸಲ. ಮೊದಲು ಕಂಡದ್ದು ನಾಲ್ಕರ ಮೂಲೆ. ಆಮೇಲೆ ಇಡೀ ನಾಲ್ಕು.

"ಬಂತು ಬಂತು!" ಎಂದು ಯಶಸ್ವಿನಿ ಕುಣಿದಳು.

ಏಳು ಬಂತು. ಕೊನೆಗೆ ಬಾಣವೂ ಬಂತು. ಅದರ ಮೂತಿ ನೇರ ಅಂಗಡಿಯ ಒಳಕ್ಕೆ ತಿರುಗಿತ್ತು, ಇಲ್ಲಿಂದ ಒಡೆಯಿರಿ ಅಂತ.

ಶ್ರೀಲತಾ ಮೇಡಂ ಬೆರಳಿನಿಂದ ನಂಬರನ್ನು ಒತ್ತಿ ನೋಡಿದರು. ಬೆರಳಿಗೆ ಬಣ್ಣ ಅಂಟಲಿಲ್ಲ. ಮೂಸಿ, ಮುಖ ಹಿಂಡಿದರು. "ಸಾರಿನ ವಾಸನೆ ಬರ್ತಿದೆ! ಇದು ನಮ್ದೇ ಪೇಂಟು. ನಿಂತ್ಕೊಳ್ಳಿ ಮಲ್ಲೇಶ್."

ಅಪ್ಪ ನಂಬರ್ ಪಕ್ಕ ನೆಟ್ಟಗೆ ನಿಂತ. ಟ್ಯಾಬ್ ಕ್ಲಿಕ್ ಅಂದಿತು.

"ಮೇಡಂ," ಎಂದಳು ಲೋಹಿತಾ ಮೆಲ್ಲಗೆ. "ಹೊಸ ಅಂಗಡಿಗೂ ನಮ್ದರ ಹಂಗೆ ಜಗಲಿ ಇರುತ್ತಾ? ನಾನು ಕೂತ್ಕೊಂಡು ಹೋಮ್‌ವರ್ಕ್ ಮಾಡಕ್ಕೆ?"

ಮೇಡಂ ಟ್ಯಾಬಿನಿಂದ ತಲೆ ಎತ್ತಿದರು. "ನಂಗೆ ಗೊತ್ತಿಲ್ಲ ಪುಟ್ಟಿ," ಎಂದರು. ಸುಳ್ಳು ಹೇಳಲಿಲ್ಲ. ಮುಂದಿನ ಅಂಗಡಿಗೆ ಹೋದರು. ಜನರೂ ಅವರ ಹಿಂದೆ ಹೋದರು.

ಸಂದಿಯಲ್ಲಿ ಅಪ್ಪ ಮತ್ತು ಲೋಹಿತಾ ಇಬ್ಬರೇ ಉಳಿದರು. ಆ ಮೇಕೆಯೂ ಇತ್ತು.

"ಅಪ್ಪ, ನೀನು ಮೂರು ದಿನದಿಂದ ನೋಡೇ ಇಲ್ವಾ?" ಎಂದು ಕೇಳಿದಳು ಲೋಹಿತಾ. "ಸುಣ್ಣ ಹೊಡ್ದಿದ್ದು ನಿಂಗೆ ಕಾಣ್ಲೇ ಇಲ್ವಾ?"

ಅಪ್ಪ ಗೋಣಿತಾಟು ಹಿಂಡಿದ. ಹಿಂಡಿ ಮುಗಿದಿದ್ದರೂ ಮತ್ತೆ ಹಿಂಡಿದ.

"ಅವ್ರು ನಂಬರ್ ಬರೆದ ದಿನದಿಂದ ಈ ಕಡೀಕೇ ಬಂದಿಲ್ಲ ಕಣವ್ವ," ಎಂದ. "ನೀರು ಹಿಡಿಯೋಕೂ ಆ ಕಡೆಯಿಂದ ಸುತ್ತಾಕ್ಕೊಂಡು ಹೋಗ್ತಿದ್ದೆ."

ಲೋಹಿತಾ ಅಪ್ಪನನ್ನು ನೋಡಿದಳು. ಹೌದಲ್ಲ! ನಲ್ಲಿ ಇರುವುದು ಈ ಸಂದಿಯ ತುದಿಯಲ್ಲೇ. ಆದರೂ ಅಪ್ಪ ಕೊಡ ಹಿಡಿದುಕೊಂಡು ಬೈಲಪ್ಪನ ಗಾಡಿ ದಾಟಿ, ಬಳೆ ಅಂಗಡಿ ದಾಟಿ ಬರುತ್ತಿದ್ದ. ಟೀ ಕುಡಿಯೋಕೆ ಹೋಗುತ್ತಾನೆ ಅಂದುಕೊಂಡಿದ್ದಳು.

ಅವಳು ಹತ್ತಿರ ಸರಿದಳು. ಅಪ್ಪನ ಅಂಗಿಯ ತುದಿ ಹಿಡಿದುಕೊಂಡಳು. ಇಬ್ಬರೂ ಗೋಡೆಯನ್ನೇ ನೋಡುತ್ತಾ ನಿಂತರು.

ಏಳರ ಬಾಲದಲ್ಲಿ ಒಂದಿಷ್ಟು ಸುಣ್ಣ ಇನ್ನೂ ಉಳಿದಿತ್ತು. ಲೋಹಿತಾ ಹುಳಿಯಲ್ಲಿ ಹೆಬ್ಬೆರಳು ಅದ್ದಿ, ಮೆತ್ತಗೆ ಒತ್ತಿ ಹಿಡಿದು, ಅದನ್ನೂ ಒರೆಸಿದಳು. ದೂರದಿಂದ ನೋಡಿದವರಿಗೂ ಈಗ ನಂಬರ್ ಸರಿಯಾಗಿ ಕಾಣುತ್ತಿತ್ತು.

"ಕೊಡ ತಗಂಬಾ," ಎಂದ ಅಪ್ಪ. "ನೀರು ಹಿಡ್ಕಂಡ್ ಬರಣ."

ಇಬ್ಬರೂ ಸಂದಿಯಲ್ಲೇ ನಡೆದು ಹೋದರು.